ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?



ವಿಜ್ಞಾನವನ್ನು ಕಲಿಯುವ ಶಾಲಾ ವಿದ್ಯಾರ್ಥಿಗೆ ಪ್ರಯೋಗಶಾಲೆಯಲ್ಲಿ ಮೊಟ್ಟಮೊದಲು ಬೇಕಾದ ಕುಶಲತೆ ಯಾವುದೆಂಬ ವಿಷಯವಾಗಿ ಕೆಲವು ಮಾತುಗಳನ್ನು ಅರಿಕೆಮಾಡುತ್ತೇನೆ. ಗಾಜಿನ ಸಾಮಾನುಗಳ ಪಟ್ಟಿಯನ್ನು ಓದಿ ತಮಗೆ ಬೇಸರವನ್ನುಂಟುಮಾಡುವುದಿಲ್ಲ. ಒಂದು ಪಾತ್ರೆ ನೀರು, ಒಂದು ಒಲೆ, ಒಂದು ಉಷ್ಣಮಾಪಕ, ಇಷ್ಟಿದ್ದರೆ ಸಾಕು.

ಕೆಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಸೀಮೆಯ ಒಂದು ಶಾಲೆಯಲ್ಲಿ ಹುಡುಗನೊಬ್ಬನು ನೀರು ಕಾಯಿಸುತ್ತಿದ್ದುದನ್ನು ನೋಡುತ್ತ ನಿಂತಿದ್ದೆನು. ನೀರು ಕೊತಕೊತನೆ ಕುದಿಯತೊಡಗಿತು. ಪಾದರಸವು ೯೭.೫ ಡಿಗ್ರಿಯ ಹತ್ತಿರ ನಿಂತುಬಿಟ್ಟಿತು. ಹುಡುಗನು ಉರಿಯನ್ನು ಹೆಚ್ಚಿಸಿದನು, ಪಾದರಸವು ಕದಲಲಿಲ್ಲ. ಅವನು ಅತ್ತಿತ್ತ ನೋಡಿ, ಬರೆದಿದ್ದ ಅಂಕಿಯನ್ನು ಅಳಿಸಿ ೧೦೦ ಎಂದು ಬರೆದನು. ಉಪಾಧ್ಯಾಯರು ಬಂದು ಸರಿ ಎಂದು ಗುರುತು ಹಾಕಿದರು.

ಹುಡುಗನನ್ನು ನಾನು ದೂರುವುದಿಲ್ಲ. ಪಠ್ಯಪುಸ್ತಕದಲ್ಲಿ ೧೦೦ ಎಂದೇ ಇದೆ. ಆದರೆ ಅದು ಸಮುದ್ರಮಟ್ಟದ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ಊರುಗಳು ಸಮುದ್ರಮಟ್ಟಕ್ಕಿಂತ ಸುಮಾರು ೬೮೦ರಿಂದ ೮೦೦ ಮೀಟರ್ ಎತ್ತರದಲ್ಲಿವೆ. ಮೇಲೇರಿದಷ್ಟೂ ನಮ್ಮ ತಲೆಯ ಮೇಲಿನ ಗಾಳಿಯ ಭಾರ ಕಡಮೆಯಾಗುತ್ತದೆ. ಸಮುದ್ರತೀರದಲ್ಲಿ ವಾಯುಭಾರಮಾಪಕದ ಪಾದರಸವು ೭೬ ಸೆಂಟಿಮೀಟರ್ ನಿಂತರೆ ಇಲ್ಲಿ ೭೦ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೇಲಿನ ಒತ್ತಡ ತಗ್ಗಿದುದರಿಂದ ನೀರು ಬೇಗನೆ ಆವಿಯಾಗಿ ಹೊರಡುತ್ತದೆ. ಸುಮಾರು ೩೦೦ ಮೀಟರ್ ಎತ್ತರಕ್ಕೆ ಒಂದು ಡಿಗ್ರಿ ಇಳಿಯುವುದೆಂಬ ಲೆಕ್ಕವನ್ನು ಹಿಡಿದರೆ, ನಮ್ಮಲ್ಲಿ ನೀರು ಕುದಿಯಬೇಕಾದುದು ೯೭ಕ್ಕೂ ೯೮ಕ್ಕೂ ನಡುವೆ. ಹುಡುಗನು ಅಳಿಸಿದುದು ಸರಿಯಾದ ಉತ್ತರವನ್ನೇ! ಹಿಂದಿನ ಕಾಲದ ಸರ್ವೆಯವರು ನೀರು ಕುದಿಯುವ ಡಿಗ್ರಿಯನ್ನು ನೋಡಿಯೇ ಬೆಟ್ಟಗಳ ಎತ್ತರವನ್ನು ಗೊತ್ತುಮಾಡುತ್ತಿದ್ದುದುಂಟು.

ಸರ್ವೆಯ ಮಾತು ಬಂದುದರಿಂದ ಈ ನೆಲದಲ್ಲೇ ನಡೆದ ಒಂದು ಪ್ರಸಂಗ ನೆನಪಾಗುತ್ತದೆ. ೧೭೯೯ರ ಏಪ್ರಿಲಿನಲ್ಲಿ ಆಂಗ್ಲ ಸೇನೆಯು ಶ್ರೀರಂಗಪಟ್ಟಣವನ್ನು ಸಮೀಪಿಸಿದ್ದಾಗ ಸೇನಾನಿ ಬೇರ್ಡನ ತುಕಡಿಯೊಂದು ರಾತ್ರಿಯಲ್ಲಿ ದಾರಿತಪ್ಪಿತು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ನಕ್ಷತ್ರಗಳನ್ನು ನೋಡಿ, ತಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ಸಾಗುತ್ತಿರುವುದಾಗಿ ತಿಳಿಸಿದನು. ಬೇರ್ಡನು ಮೊದಲು ಒಪ್ಪಲಿಲ್ಲ. ಕೊನೆಗೆ ದಿಕ್ಸೂಚಿಯನ್ನು ನೋಡಲಾಗಿ ನಕ್ಷತ್ರಗಳ ಮಾತೇ ನಿಜವಾಯಿತು. ೧೮೦೨ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದವನು ಇವನೇ. ಮೇಲಧಿಕಾರಿಯ ಎದುರಿನಲ್ಲಿ ಕಂಡುದನ್ನು ಕಂಡಂತೆ ಹೇಳುವುದು, ಸಂದೇಹ ಬಂದರೆ ಎರಡನೆಯ ಉಪಕರಣದಿಂದ ಪರೀಕ್ಷಿಸುವುದು, ಇವೆರಡೂ ಆ ರಾತ್ರಿಯ ಪ್ರಸಂಗದಲ್ಲಿವೆ.

ಹಾಗೆಂದು ಕಂಡ ಅಂಕಿಯೆಲ್ಲವೂ ನಿಜವೆಂದಲ್ಲ. ಉಷ್ಣಮಾಪಕವೇ ಸುಳ್ಳು ಹೇಳಬಹುದು. ಅದನ್ನು ಮೊದಲು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು ಸೊನ್ನೆ ತೋರಿಸುವುದೇ ನೋಡಬೇಕು. ಅರ್ಧ ಡಿಗ್ರಿ ತಪ್ಪಿದ್ದರೆ ಅದನ್ನೂ ಬರೆದಿಡಬೇಕು. ಬಾವಿಯ ನೀರಿನಲ್ಲಿ ಕರಗಿರುವ ಲವಣಗಳು ಕುದಿಯುವ ಡಿಗ್ರಿಯನ್ನು ಸ್ವಲ್ಪ ಏರಿಸುವುದರಿಂದ ಬುಡ್ಡಿಯನ್ನು ನೀರಿನಲ್ಲಿ ಮುಳುಗಿಸದೆ ಅದರ ಮೇಲಿನ ಹಬೆಯಲ್ಲಿ ನಿಲ್ಲಿಸಬೇಕು. ಕಣ್ಣು ಪಾದರಸದ ತುದಿಗೆ ಸಮನಾಗಿರಲಿ. ಮೇಲಿನಿಂದ ಬಗ್ಗಿ ನೋಡಿದರೆ ಒಂದು ಅಂಕಿ, ಕೆಳಗಿನಿಂದ ನೋಡಿದರೆ ಇನ್ನೊಂದು ಕಾಣುತ್ತದೆ. ಮೂರು ಸಲ ಅಳೆದು ಮೂರನ್ನೂ ಮಸಿಯಲ್ಲಿ ಬರೆಯತಕ್ಕದ್ದು. ತಪ್ಪಾದುದಕ್ಕೆ ಒಂದು ಗೆರೆ ಎಳೆದರಾಯಿತು, ಅಳಿಸಬಾರದು. ರಬ್ಬರನ್ನು ಪ್ರಯೋಗಶಾಲೆಯ ಬಾಗಿಲಿನ ಹೊರಗೇ ಇಡಿಸಬೇಕೆಂಬುದು ನನ್ನ ಹಳೆಯ ಹಟ.

ಈ ನಾಲ್ಕು ಊರುಗಳ ಶಾಲೆಗಳು ಒಂದೇ ದಿನ ಈ ಪ್ರಯೋಗವನ್ನು ಮಾಡಿ ಅಂಕಿಗಳನ್ನು ಹೋಲಿಸಿ ನೋಡಬಹುದು. ಆದರೆ ಎಚ್ಚರಿಕೆ: ಶ್ರೀರಂಗಪಟ್ಟಣಕ್ಕೂ ನಾಗಮಂಗಲಕ್ಕೂ ಎತ್ತರದ ಅಂತರವು ಸುಮಾರು ನೂರು ಮೀಟರ್, ಡಿಗ್ರಿಯಲ್ಲಿ ಮೂರನೆಯ ಒಂದು ಭಾಗ ಮಾತ್ರ. ಒಂದೊಂದು ಡಿಗ್ರಿಗೆ ಗೆರೆಯಿರುವ ಶಾಲೆಯ ಉಷ್ಣಮಾಪಕಕ್ಕೆ ಅಷ್ಟು ಸೂಕ್ಷ್ಮವು ನಿಲುಕದು. ಅಂತರ ಕಾಣಲಿಲ್ಲವೆಂದೇ ಬರೆಯಲಿ. ಅದೂ ಒಂದು ಫಲಿತಾಂಶವೇ. ಅಂತರವನ್ನು ಕಣ್ಣಾರೆ ಕಾಣಬೇಕೆನ್ನುವವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟವನ್ನು ಹತ್ತಬೇಕು. ಒಲೆಯೊಡನೆ ಗಾಳಿಗೆ ಮರೆಯಾಗಿ ಹಿಡಿಯಲು ಒಂದು ತಗಡನ್ನೂ, ಕೆಳಗೆ ಬಳಸಿದ ಅದೇ ಉಷ್ಣಮಾಪಕವನ್ನೂ ತೆಗೆದುಕೊಂಡು ಹೋಗಲಿ.