ರಜೆಗೊಂದು ಪುಟ್ಟ ಕೌದಿ

ರವಿಕೆ ಹೊಲಿಸಿದಾಗ ಉಳಿದ ಚೂರುಬಟ್ಟೆ ಇದೆಯಾ? ಬಿಸಾಡಬೇಡಿ. ಈ ರಜೆಯಲ್ಲಿ ಒಂದು ಪುಟ್ಟ ಕೌದಿ ಹೊಲಿಯೋಣ, ಬಿಸಿ ಪಾತ್ರೆ ಹಿಡಿಯೋಕೆ.

ಹತ್ತಿ ಬಟ್ಟೆಯನ್ನೇ ಆರಿಸಿ; ಪಾಲಿಯೆಸ್ಟರ್ ಬಿಸಿಗೆ ಕರಗುತ್ತೆ. ಹಳೇ ಹತ್ತಿ ಸೀರೆಯನ್ನ 8 ಇಂಚಿನ ಚೌಕವಾಗಿ, ದಪ್ಪಗೆ ಮಡಚಿ. ಮೇಲೆ ಚೂರುಗಳನ್ನ ಅಂಚು ಒಳಗೆ ಮಡಚಿ ಜೋಡಿಸಿ.

ಈಗ ಹೊಲಿಗೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನ ಅಂಚಿನಿಂದ ಶುರುಮಾಡಿ, ಸುತ್ತುತ್ತಾ ನಡುವಿಗೆ ಬರ್ತಾರೆ. ಹಾಗೇ ಸಾದಾ ಹೊಲಿಗೆ ಹಾಕ್ತಾ ಹೋಗಿ. ಸಾಲು ಸೊಟ್ಟಗಾದ್ರೂ ಚೆಂದವೇ. ಕೈಹೊಲಿಗೆಯ ಜೀವ ಅಲ್ಲೇ ಇರೋದು!

ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಚೂರುಗಳನ್ನ ಸೇರಿಸಿ. ಸಿದ್ದಿಯರಿಗೆ ಅವು ಹೂವು. ಅವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಒಂದು ಮೂಲೆಗೆ ಕುಣಿಕೆ ಹಾಕಿ, ಒಲೆ ಪಕ್ಕದ ಮೊಳೆಗೆ ನೇತುಹಾಕಿ.