ನಿಮಗಿದು ಗೊತ್ತೆ? ಪುನರುತ್ಥಾನವನ್ನೂ ಪ್ರಶ್ನಿಸಿದ ಪಂಡಿತೆ
ಪುಣೆ ಬಳಿಯ ಕೇಡಗಾಂವ್‌ನಲ್ಲಿ ನಿರ್ಗತಿಕ ಹೆಣ್ಣುಮಕ್ಕಳ ಆಸರೆಯಾದ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರೂ, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜಾಯಮಾನ ಅವರದಲ್ಲ. ತ್ರಿಯೇಕತ್ವ, ಯೇಸುವಿನ ಅದ್ಭುತ ಜನನ, ಪುನರುತ್ಥಾನ ಎಲ್ಲವನ್ನೂ ಪತ್ರಗಳಲ್ಲಿ ಕೆದಕಿ ಕೇಳಿದರು. ತಾವು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತವೇ ಇರಲಿ ಎಂದು ಪಟ್ಟು ಹಿಡಿದರು. ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಇದೆಲ್ಲ ಅಹಂಕಾರವಾಗಿ ಕಂಡಿತು. ಪಾಪ, ಶಾಸ್ತ್ರಿಗಳ ಮಗಳ ಜತೆ ವಾದಕ್ಕಿಳಿಯುವುದು ಸುಲಭವೇ!

ಮುಂದೆ ರಮಾಬಾಯಿಯ ನಂಬಿಕೆಯೂ ಬದಲಾಗಿ, ಕ್ರಿಸ್ತನಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. ಮುದ್ರಣದ ಕೆಲಸಕ್ಕೆ ಕೈಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ. 1922ರಲ್ಲಿ ರಮಾಬಾಯಿ ತೀರಿಕೊಂಡರು. ಪೂರ್ಣ ಬೈಬಲ್ ಹೊರಬಂದದ್ದು 1924ರಲ್ಲಿ.