ಮುಂಬಯಿಯ ಗಿರಣಿಗಳೂ ಮಳೆಯ ನೀರೂ

ಹೊಗೆಯಿಲ್ಲದ ಶಕ್ತಿಯನ್ನು ಒದಗಿಸುವುದು ಸರಕಾರದ ಕಾರ್ಯವೆಂದೇ ಹಲವರು ತಿಳಿದಿರುವರು. ವ್ಯಾಪಾರದ ಸಂಸ್ಥೆಯೂ ಇದರಲ್ಲಿ ಮುಂದಾಗಬಲ್ಲುದೆಂಬುದಕ್ಕೆ ಮುಂಬಯಿಯ ದೃಷ್ಟಾಂತವುಂಟು.

ಅಲ್ಲಿಯ ಹತ್ತಿಯ ಗಿರಣಿಗಳು ಕಲ್ಲಿದ್ದಲನ್ನು ಸುಟ್ಟು, ಉಗಿಯ ಬಲದಿಂದ ನಡೆಯುತ್ತಿದ್ದುವು. ಪಶ್ಚಿಮ ಘಟ್ಟದ ಮಳೆಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯಬೇಕೆಂದು ಜಮ್‌ಷೇಟ್‌ಜಿ ಟಾಟಾರವರು ಬಯಸಿದರು. ಅವರು 1904ರಲ್ಲಿ ತೀರಿಕೊಂಡರೂ, ಮಗ ದೊರಾಬ್‌ಜಿಯವರು ಆ ಸಂಕಲ್ಪವನ್ನು ಬಿಡಲಿಲ್ಲ. 1910ರಲ್ಲಿ ಕಂಪೆನಿಯು ಸ್ಥಾಪಿತವಾಯಿತು. ಲೋಣಾವಳದ ಬಳಿ ಅಣೆಕಟ್ಟುಗಳನ್ನು ಕಟ್ಟಿ, ಮಳೆಗಾಲದ ನೀರನ್ನು ಕೂಡಿಟ್ಟು, ಕೊಳವೆಗಳಲ್ಲಿ 500 ಮೀಟರಿಗೂ ಹೆಚ್ಚು ಕೆಳಕ್ಕಿಳಿಸಿ, ಖೋಪೋಲಿಯಲ್ಲಿ ಯಂತ್ರಚಕ್ರಗಳನ್ನು ತಿರುಗಿಸಿದರು. 1915ರಲ್ಲಿ ಆ ಶಕ್ತಿಯು ತಂತಿಯ ಮೂಲಕ ಮುಂಬಯಿಯನ್ನು ಮುಟ್ಟಿತು. ಇಂಗಾಲಾಮ್ಲ ವಾಯುವನ್ನು ಕಾರದೆಯೇ ಮಗ್ಗಗಳು ನಡೆದುವು.

ಆದರೆ ಇನ್ನೊಂದು ಮುಖವನ್ನೂ ಮರೆಯಲಾಗದು. ಮುಳಶಿಯಲ್ಲಿ ಮತ್ತೊಂದು ಅಣೆಕಟ್ಟಿನಿಂದ ತಮ್ಮ ಹೊಲಗಳು ಮುಳುಗುವುವೆಂದು ಕಂಡ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಅವರ ನಾಯಕರಾದರು. ಕೆಲಸವು ನಿಲ್ಲಲಿಲ್ಲ, ಹಳ್ಳಿಗಳು ಮುಳುಗಿದುವು.

ಇಂದು ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ತೆಗೆಯುವ ಕಂಪೆನಿಗಳು ವಿಶಾಲವಾದ ಭೂಮಿಯನ್ನು ಬೇಡುತ್ತಿರುವುವು. ಆ ಶಕ್ತಿಯು ಒಳ್ಳೆಯದೇ ಸರಿ. ಆದರೂ ನಮ್ಮ ಮನೆಯ ದೀಪಕ್ಕಾಗಿ ಯಾರ ಮನೆಯ ಒಲೆಯು ಆರಿತೆಂದು ಕೇಳುವುದನ್ನು ಈ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳು ಬಿಡಬಾರದು.